ಒಂಬತ್ತು ಎಣಿಸೂದರೊಳಗ

ರಾತ್ರಿ ಎರಡಕ್ಕ ತ್ರೀ ಫೇಸ್ ಬಂತು.
ಮೊದಲು ಸ್ಟಾರ್ಟರಿನ ಗುಂಯ್ ಅನ್ನೂ ದನಿ,
ಆಮ್ಯಾಲ ಪೈಪಿನ್ಯಾಗಿನ ಗಾಳಿ ಕೆಮ್ಮಿ ಕೆಮ್ಮಿ ಹೊರಗ,
ಆಮ್ಯಾಲ ನೀರು.
ಇಷ್ಟು ಕೇಳಿದ ಮ್ಯಾಲ ಏಳತೀನಿ.
ಒಂದ ಕೈಯಾಗ ಟಾರ್ಚು, ಇನ್ನೊಂದರಾಗ ಬಡಗಿ,
ಸೆರಗಿನ ಗಂಟಿನ್ಯಾಗ
ಮೊಮ್ಮಗಳ ಕೆಮ್ಮಿನ ಔಷಧದ ಮುಚ್ಚಳ.

ಮುಚ್ಚಳ ಯಾಕಂದ್ರ,
ಹನಿ ಬೀಳೂ ತೂತಿನ ಕೆಳಗ ಹಿಡಿದು ಎಣಿಸಬೇಕು.
ಒಂಬತ್ತು ಎಣಿಸೂದರೊಳಗ ಹತ್ತರ ಗೆರಿ ಮುಟ್ಟಿದ್ರ
ಗಿಡ ಉಣ್ಣಾಕತ್ತೈತಿ.
ಹದಿನಾಲ್ಕಾತಂದ್ರ ಎಲ್ಲೋ ಏನೋ ಕಟ್ಟೈತಿ.
ಕಲಿಸಿದಾಂವ ಮೌಲಾಸಾಬ,
ತಾವರಗೇರಿಯಿಂದ ಸೈಕಲ್‌ಮೋಟರ್ ಮ್ಯಾಲ
ಪೈಪಿನ ಸುರುಳಿ ಕೊರಳಿಗೆ ಹಾಕ್ಕೊಂಡು ಬಂದ ಫಿಟ್ಟರ್.

ಬಂದವನೇ ಸುರುಳಿ ಬಿಚ್ಚಿ ಬಿಸಿಲಿಗೆ ಮಲಗಿಸಿದ.
‘ಕಾಯಲಿ ಬಿಡ್ರಿ ಅಕ್ಕಾರ,
ಕಾದ್ರ ತಾನು ಸುತ್ತಿಕೊಂಡಿದ್ದು ಮರೀತೈತಿ.’
ಅರ್ಧ ದಿನದಾಗ ಪೈಪು ಮರೀತು.
ನಮ್ಮ ಮನಿಯವರಿಗೆ ಮೂರು ವರ್ಷಾತು,
ಇನ್ನೂ ಸಲಿಕಿ ಹೆಗಲಿಗಿಟ್ಟೇ ತೋಟಕ್ಕ ಬರ್ತಾರ,
ಒಡೆಯಾಕ ಬದುವಿಲ್ಲ, ತಿರುವಾಕ ಕಾಲುವಿಲ್ಲ,
ಸುಮ್ಮನ ಅದರ ಮ್ಯಾಲ ಗದ್ದ ಊರಿ ನಿಲ್ತಾರ.

ಬಾಜೂ ಹೊಲದ ಸಂಗನಗೌಡ್ರು ಬೇಲಿ ಹಿಡಿದು ನಕ್ಕಿದ್ರು:
‘ಕೂಸು ಉಚ್ಚಿ ಹೊಯ್ದಂಗ ಬೀಳತೈತಿ,
ಇದರಾಗ ದಾಳಿಂಬ್ರಿ ಬೆಳಿತೀರೇನ್ರೀ?’
ನಾನೂ ಒಳಗೊಳಗ ಅಂಜಿದ್ದೆ.
ಮೌಲಾಸಾಬ ಎದುರು ಮಾತಾಡಲಿಲ್ಲ.
ಮರುದಿನ ಗುದ್ದಲಿ ತಗೊಂಡು
ಗಿಡದ ಬಾಜೂಕ ಮೊಣಕಾಲುದ್ದ ಸೀಳಿ ತೋರಿಸಿದ.
ಮ್ಯಾಲ ಒಂದು ರೊಟ್ಟಿಯಷ್ಟೇ ಹಸಿ.
ಒಳಗ, ಎರಿಯೊಳಗಾದ್ರ ಉಳ್ಳಾಗಡ್ಡಿಯಂಗ ಹೊಟ್ಟಿ ಬಿಟ್ಟು,
ಮಸಾರಿಯೊಳಗಾದ್ರ ಗಜ್ಜರಿಯಂಗ ನೆಟ್ಟಗ,
ನೀರು ತನ್ನ ಆಕಾರದಾಗ ಕುಂತಿತ್ತು.
ಅದಕ್ಕ ಎರಿ ಕಡೆ ಗಿಡಕ್ಕ ಎರಡು ತೂತು,
ಮಸಾರಿ ಕಡೆ ನಾಲ್ಕು.
ಗೌಡ್ರು ಬಗ್ಗಿ ನೋಡಿದ್ರು, ಮಣ್ಣು ಹಿಚುಕಿದ್ರು,
ಏನೂ ಅನ್ನದ ಹೋದ್ರು.

ನಮ್ಮ ಬೋರಿನ ನೀರು ಸವಳು,
ಚಹಾದಾಗ ಹಾಲು ಒಡೀತೈತಿ.
ತೂತಿನ ಬಾಯಿಗೆ ಬಿಳೇದು ಕಟ್ಟತೈತಿ,
ಎಲಿ ತಿಂದೋರ ತುಟಿಯಂಚಿನ ಸುಣ್ಣದಂಗ.
ಮೊದಮೊದಲು ಸೂಜಿ ಹಾಕಿ ಬಿಡಿಸ್ತಿದ್ದೆ.
‘ತೂತು ದೊಡ್ಡದಾಗತೈತ್ರೀ’ ಅಂತ ಬೈದ.
‘ಇಲ್ಲಿ ಒಂದು ಹೆಚ್ಚು ಕುಡಿದ್ರ
ಸಾಲಿನ ಕೊನಿಯಾಂವ ಉಪವಾಸ.’
ಈಗ ಎರಡು ತಿಂಗಳಿಗೊಮ್ಮೆ ಆಸಿಡ್ಡು.
ನೀರಿಗೆ ಆಸಿಡ್ ಹಾಕಬೇಕು,
ಆಸಿಡ್ಡಿಗೆ ನೀರು ಹಾಕಬಾರದು,
ಇದನ್ನ ಮೂರು ಸಲ ನನ್ನ ಬಾಯಿಂದ ಹೇಳಿಸ್ಯಾನ.
ರಾತ್ರಿಯೆಲ್ಲ ಪೈಪಿನ್ಯಾಗ ನಿಲ್ಲಿಸಿ
ಮುಂಜಾನೆ ಸಾಲಿನ ತುದಿಯ ಮಡಿಕಿ ಬಿಚ್ಚಿದ್ರ
ಮೊದಲು ಹಾಲು,
ಆಮ್ಯಾಲ ಮಜ್ಜಿಗಿ,
ಆಮ್ಯಾಲ ನೀರು.

ಹ್ವಾದ ಬ್ಯಾಸಿಗಿ ಹದಿನೇಳನೇ ಸಾಲಿನ್ಯಾಗ ಕಾರಂಜಿ ಎದ್ದಿತ್ತು.
ಇಣಚಿ ಕಡಿದಿದ್ದು. ಎರಡೇ ಹಲ್ಲಿನ ಗುರ್ತು.
ಜೋಡಿಸಿದೆ. ಮತ್ತ ಕಡೀತು.
ಹನ್ನೊಂದು ಜಾಯಿಂಟರ್ ಆದ ಮ್ಯಾಲ
ನಮ್ಮ ಮನಿಯವರು ಎಣ್ಣಿ ಅಂಗಡಿಗೆ ಹೊಂಟ್ರು.
‘ನಿಲ್ರಿ’ ಅಂದೆ.
ಅದಕ್ಕ ಗೊತ್ತಾಗೈತಿ ಒಳಗ ಏನೈತಂತ,
ಬಾಯಿ ಎಲ್ಲೈತಂತ ಗೊತ್ತಿಲ್ಲ, ಅಷ್ಟ.
ಸಾಲಿನ ತುದಿಗೆ ಒಂದು ತೂತು ಹೊಡೆದೆ,
ಕೆಳಗ ಒಡಕ ಮಡಕಿಯ ತಳ ಇಟ್ಟೆ.
ಮೌಲಾಸಾಬನ ಚೀಟಿಯ ಲೆಕ್ಕ ಸಾವಿರದ ಎಂಟುನೂರಾ ನಲವತ್ತು,
ನಂದು ಒಂದು ಜಾಸ್ತಿ.
ಕಡಿಯೂದು ನಿಂತಿಲ್ಲ, ಹಂಗೇನಿಲ್ಲ.
ಮೊನ್ನೆ ಮತ್ತೊಂದು ಜಾಯಿಂಟರ್ ಹಾಕಿದೆ.
ಆದ್ರ ಮಡಕಿತಳದಾಗ ಬೂದು ಕೂದಲ ತೇಲ್ತಾವ.

ಈಗ ಅದೇ ಸಾಲಿನ್ಯಾಗ ಕುಕ್ಕರಗಾಲಿಲೆ ಕುಂತೀನಿ,
ಮುಚ್ಚಳ ಹಿಡಿದು.
ಐದು.
ಆರು.
ಏಳು ಅನ್ನೂದಕ್ಕ ಕರೆಂಟು ಹೋತು.
ದೂರದ ದೋಟಿಹಾಳದ ದೀಪಾನೂ ಆರಿದ್ವು.
ಪೈಪಿನ್ಯಾಗ ಉಳಿದದ್ದು
ಇನ್ನೂ ಸ್ವಲ್ಪ ಹೊತ್ತು ಬೀಳತೈತಿ.
ಕೈ ತೆಗೀಲಿಲ್ಲ.
ಎಂಟು.