ಏಳನೆಯ ಗುಡಾಣ

ಸೆಪ್ಟೆಂಬರ್ ಬಂತೆಂದರೆ ಮನೆಯವರಿಗೆಲ್ಲ
ನನ್ನ ನೆನಪಾಗುತ್ತಿತ್ತು.

ಕಖೇತಿಯ ನಮ್ಮ ಹಿತ್ತಿಲಲ್ಲಿ
ಕೊರಳವರೆಗೆ ನೆಲದಲ್ಲಿ ಹೂತ ಏಳು ಗುಡಾಣ.
ದ್ರಾಕ್ಷಿ ಕೊಯ್ಲಿಗೆ ಮುಂಚೆ ತಿಕ್ಕಿ ತೊಳೆಯಬೇಕು.
ಜುಂಬೇರನ ಭುಜ ಬಾಯಲ್ಲೇ ಸಿಕ್ಕಿಕೊಳ್ಳುತ್ತಿತ್ತು,
ನತೇಲಾಳಿಗೆ ಸೊಂಟ ಬಂದಿತ್ತು,
ಬದ್ರಿಗೆ ಕತ್ತಲೆಂದರೆ ಭಯ; ಹಾಗೆಂದು ಯಾರೂ ಅನ್ನುತ್ತಿರಲಿಲ್ಲ,
ಅವನಿಗೆ ನೆಗಡಿ ಎನ್ನುತ್ತಿದ್ದರು.
ಉಳಿದವಳು ನಾನು, ತ್ಸಿಯೂರಿ,
ಕಡೆಹುಟ್ಟು, ಹಿಡಿಗಾತ್ರದವಳು,
ಮೂವರು ಸವೆಸಿದ ಅಂಗಿಯೊಳಗೆ
ಮಾತು ಶುರುಮಾಡಿದರೆ ಮುಗಿಸಲು
ಮುಂದಿನ ವರ್ಷದವರೆಗೆ ಕಾಯಬೇಕಾದವಳು.

ಮೊದಲು ಮೇಣದಬತ್ತಿ ಇಳಿಯುತ್ತಿತ್ತು.
ಅಪ್ಪ ದಾರ ಹಿಡಿದು ಇಣುಕುತ್ತಿದ್ದ.
ಉರಿ ಆರಿದರೆ ಒಳಗೆ ಕೆಟ್ಟ ಗಾಳಿ.
ಆರದಿದ್ದರೆ, ನಾನು.

ಕಂಕುಳಿಗೆ ಹಗ್ಗ. ಕೈಗೆ ಚೆರ್ರಿ ತೊಗಟೆಯ ಕುಂಚ.
ಕಾಲಿಗೆ ತಣ್ಣನೆಯ ತಳ ತಾಕುವಾಗ
ಮೇಲೆ ತಟ್ಟೆಯಷ್ಟು ಆಕಾಶ,
ಅದರ ಅಂಚಿಗೆ ನಾಲ್ಕು ತಲೆ, ನೆಗಡಿಯವನದೂ ಸೇರಿ,
ಎಲ್ಲರೂ ಬಗ್ಗಿ, ನನ್ನನ್ನೇ ನೋಡುತ್ತ.

ಮತ್ತೆ ಅಲ್ಲಿ ನನ್ನ ದನಿ!
ಮೇಲಿದ್ದಾಗ ಬರೀ ಗುಬ್ಬಿಯ ಕಿಚಕಿಚ,
ಒಳಗೆ ಅದು ಗೋಡೆ ಸುತ್ತಿ, ಮೈ ತುಂಬಿಕೊಂಡು
ಇಗರ್ಜಿಯ ಪಾದ್ರಿಯ ಹಾಗೆ ಏಳುತ್ತಿತ್ತು.
"ಜುಂಬೇರ್, ನೀರು ಬಿಡು" ಎಂದರೆ
ಜುಂಬೇರ್ ನೀರು ಬಿಡುತ್ತಿದ್ದ.
ಹೊರಗೆ ಬಂದು ಅದನ್ನೇ ಹೇಳಿ ನೋಡಬೇಕಿತ್ತು!

ತಿಕ್ಕಿದ ಗೋಡೆಯನ್ನೇ ಮತ್ತೆ ತಿಕ್ಕಿದ್ದೇನೆ,
ಬೇಕೆಂದೇ.

ಹನ್ನೊಂದನೆಯ ವಯಸ್ಸಿಗೆ ಬಾಯಲ್ಲಿ ಸಿಕ್ಕಿಕೊಂಡೆ.
ಉಸಿರು ಬಿಡು, ಅಂದ ಅಪ್ಪ. ಬಿಟ್ಟೆ.
ಕೈ ಮೇಲೆತ್ತು, ಅಂದಳು ನತೇಲಾ. ಎತ್ತಿದೆ.
ಮಣ್ಣು ಒಪ್ಪಲಿಲ್ಲ.
ಸರದಿ ಮುಗಿದಾಗ ಒಬ್ಬೊಬ್ಬರೂ ಹಿಂದೆ ತಿರುಗಿದಂತೆ
ನಾನೂ ತಿರುಗಿದೆ,
ಹಗ್ಗ ದಾಟಿಸಲು, ಅಂಗಿ ಕಳಚಿ ಕೊಡಲು.
ಕೋಳಿಯೊಂದು ನೆಲ ಕೆದಕುತ್ತಿತ್ತು, ಅಷ್ಟೇ.

ಅಪ್ಪ ಕುಂಚಕ್ಕೆ ಉದ್ದನೆಯ ಕೋಲು ಕಟ್ಟಿದ.

ಈಗ ಐವತ್ತೆಂಟು ನನಗೆ.
ನಾಲ್ವರಲ್ಲಿ ಎತ್ತರ ನಾನೇ,
ಬದ್ರಿಯ ಮನೆಯ ಬಲ್ಬು ಬದಲಿಸುವವಳೂ ನಾನೇ.
ಆದರೂ ಹಬ್ಬದ ಮೇಜಿಗೆ ಕೂತರೆ
"ಮರೀ, ಉಪ್ಪು ತಾ" ಎನ್ನುತ್ತವೆ ಮೂರು ಬೋಳು-ಬಿಳಿ ತಲೆ.
ಏಳುತ್ತೇನೆ.
ಹಿತ್ತಿಲಲ್ಲಿ ಹಾದು,
ಖಾಲಿ ಬಿದ್ದ ಏಳನೆಯದರ ಮುಚ್ಚಳ ಸರಿಸಿ, ಬಗ್ಗಿ
ನನ್ನ ಹೆಸರು ಕೂಗುತ್ತೇನೆ.
ಎಂಥ ದೊಡ್ಡವಳೋ, ಒಳಗಿಂದ ಓಗೊಡುತ್ತಾಳೆ.
ಎರಡನೆಯ ಸಲ ಕೂಗುತ್ತೇನೆ.

ಉಪ್ಪು ಸ್ವಲ್ಪ ತಡವಾಗಿ ಮೇಜು ಸೇರುತ್ತದೆ.