ಮಗ್ಗದ ಮುಳ್ಳು

ಟೆಂಪೋದಾಗ ಬಂತು, ತಾಡಪತ್ರಿ ಹೊದ್ದು.
ಯಾವ ಊರಾಗ ದುಡದಿತ್ತೋ, ಮೈಮ್ಯಾಲಿನ ಹೆಸರು ಸವದಿತ್ತು.
ಬೆಟಗೇರಿಯ ನಮ್ಮ ಪೆಪ್ಪರಮಿಂಟ ಕಾರಖಾನಿ ಬಾಗಲಾ ಸಣ್ಣದು,
ಕದಾ ಕಿತ್ತು ಒಳಗ ತಗೊಂಡ್ವಿ.
ಶೇಟ ತೆಂಗಿನಕಾಯಿ ಒಡದಾ.
ನೀರು ಹಲ್ಲಿನ ಚಕ್ರದ ಮ್ಯಾಲ ಸಿಡೀತು,
ಫಿಟ್ಟರ ಢಾಲಾಯತ ಲುಂಗಿ ತುದೀಲೆ ಒರಿಸಿದಾ:
"ಕಬ್ಬಿಣಕ್ಕ ನೀರು ಕುಡಿಸಬ್ಯಾಡ್ರಿ, ಎಣ್ಣಿ ಕುಡಿಸ್ರಿ."

ಅದಕ್ಕಿಂತ ಮದಲ ಮೂವತ್ತು ಮಂದಿ ಇದ್ವಿ.
ಚಾಪಿ ಮ್ಯಾಲ ಗುಂಡಾಗಿ ಕುಂತು,
ನಡುವ ಶುಂಠಿ ಪೆಪ್ಪರಮಿಂಟಿನ ಗುಡ್ಡಿ.
ಎಡಗೈಯಾಗ ಕಾಗದ, ಬಲಗೈಯಾಗ ಗುಳಿಗಿ,
ಒಂದು ಮಡಿಕಿ, ಎರಡು ತಿರುವು.
ಕಣ್ಣು ಬೇಕಾಗತಿದ್ದಿಲ್ಲ.
ಕೂಲಿ ಕಿಲೋ ಲೆಕ್ಕ, ಮಾತಿಗೆ ತಕ್ಕಡಿ ಇದ್ದಿಲ್ಲ.
ಒಬ್ಬಾಕಿ ಶುರು ಮಾಡಿದ ಸುದ್ದಿ ಹತ್ತು ಕೈ ದಾಟಿ
ಬಾಗಲದಾಗಿನ ನೀಲವ್ವನ ಹಂತೇಕ ಬರೂದ್ರಾಗ
ಸತ್ತಾಂವ ಎದ್ದು ಕುಂತಿರತಿದ್ದಾ.

ಈಗ ನಾಕು ಮಂದಿ.
ಮಷೀನಿಂದು ನಿಮಿಷಕ್ಕ ನೂರಾ ಎಂಬತ್ತು.
ಟಕ-ಚರ್ರ, ಟಕ-ಚರ್ರ,
ಕತ್ತರಿ ಕಾಗದಾ ಕಡೀತೈತಿ,
ಎರಡೂ ಕಡೆ ಸಣ್ಣ ಸಣ್ಣ ಇಕ್ಕಳ ಬಂದು
ಮಾಸ್ತರ ಕಿವಿ ಹಿಂಡಿದಂಗ ಹಿಂಡಿ ಬಿಡತಾವ.
ಸುಳ್ಳ್ಯಾಕ ಹೇಳ್ಲಿ, ಚೆಂದ ತಿರುವತಾವ.
ನನ್ನ ತಿರುವು ಹಿಂಗ ಒಂದ ಅಳತೀಲೆ ಎಂದೂ ಬರಲಿಲ್ಲ.

ಒಂದ ಕೊರತಿ ಇತ್ತು.
ತಾಟಿನಾಗಿನ ಒಂದು ಮನಿ ಖಾಲಿ ಬಂದ್ರ
ಅದಕ್ಕ ಗೊತ್ತಾಗತಿದ್ದಿಲ್ಲ.
ಗಾಳೀನ ಹಿಡದು, ಸುತ್ತಿ, ಎರಡೂ ಕಿವಿ ಹಿಂಡಿ
ಬುಟ್ಟಿಗೆ ಒಗೀತಿತ್ತು.
ಸಣ್ಣಾಕಿದ್ದಾಗ ನಾನೂ ಸುತ್ತಿದಾಕಿನ,
ಹುಣಸೀ ಬೀಜ, ಹರಳು,
ತಮ್ಮನ ಕೈಯಾಗ ಇಟ್ಟು ಓಡಿದಾಕಿ.
ಅದು ಚಾಷ್ಟಿ. ಇದಕ್ಕ ಚಾಷ್ಟಿ ಬರೂದಿಲ್ಲ.
ರೋಣದ ಅಂಗಡಿಯಾಂವ ಫೋನ ಮಾಡಿದಾ:
"ಶೇಟಜೀ, ನಿಮ್ಮ ಡಬ್ಬಿಯಾಗ ಗಾಳಿ ಭಾಳ."

ಢಾಲಾಯತ ಮೂರು ದಿನ ಕಿವಿಗೊಟ್ಟು ಕುಂತಾ.
ಅಂವ ಮದಲ ಪಾವರಲೂಮಿನ ಫಿಟ್ಟರ,
ಮಗ್ಗ ಗುಜರಿಗೆ ಹ್ವಾದ ಮ್ಯಾಲ
ಸಿಕ್ಕದ್ದು ರಿಪೇರಿ ಮಾಡಾಂವ.
"ಹೊಕ್ಕಿನ ನೂಲು ಹರದ್ರ ಮಗ್ಗ ತಾನ ನಿಲ್ಲತೈತಿ.
ಸಣ್ಣದೊಂದು ಮುಳ್ಳು ಇರತೈತಿ,
ನೂಲು ಐತೇನು ಅಂತ ಸಲಕ್ಕೊಮ್ಮೆ ಮುಟ್ಟಿ ನೋಡತೈತಿ.
ಇದಕ್ಕ ಮುಟ್ಟಿ ನೋಡೂ ರೂಢಿ ಇಲ್ಲ."
ನಾಕನೇ ದಿನ ಮನಿಯಿಂದ ತಂದಾ,
ಅರಿವ್ಯಾಗ ಸುತ್ತಿ ಇಟಗೊಂಡಿದ್ದ ಮೂರು ಕಡ್ಡಿ ಮುಳ್ಳು,
ತುದಿ ಬೆಳ್ಳಗ ಸವದದ್ದು.

ಆವತ್ತಿನಿಂದ ಖಾಲಿ ಮನಿ ಬಂದ್ರ
ಮಷೀನ ನಿಲ್ಲತೈತಿ.

ನಿಂತಾಗ ತಿಳೀತು ನಮಗ,
ಎಷ್ಟು ದಿನದಿಂದ ಒದರಾಕ ಹತ್ತಿದ್ವಿ ಅಂತ.
ಕೊಟ್ರವ್ವ ಮುಂಜಾನೆ ಅರ್ಧಾ ಬಿಟ್ಟ ಸುದ್ದಿ,
ಮುಳಗುಂದದಾಗ ಅಕಿ ನಾದಿನೀನ ನೋಡಾಕ ಬಂದ ವರ
ಉಪ್ಪಿಟ್ಟು ಮುಗಿಸಿ ಕೈ ತೊಳಿಯಾಕ ಹಿತ್ತಲಕ್ಕ ಹ್ವಾದಾಂವ
ಇನ್ನೂ ಬಂದಿದ್ದಿಲ್ಲ.
ನಾನು ಗುಂಡಿ ಒತ್ತೂದು ತಡಾ ಮಾಡಿದೆ.
"ಹಿತ್ತಲದಾಗ ನೋಡಿದ್ರ..." ಅಂದ್ಲು.
ಶೇಟ ಬಂದಾ. ಟಕ-ಚರ್ರ.

ಆ ವರ ಹದಿನೈದು ದಿನದಿಂದ ಹಿತ್ತಲದಾಗ ಅದಾನ.

ಹಿಂಗಾಗಿ, ಹೇಳಿಬಿಡತೀನಿ,
ಸಾಲಿನಾಗ ಬರೂ ಗುಳಿಗಿ ಒಂದನ್ನ
ಮುಳ್ಳು ಮುಟ್ಟೂಕಿಂತ ಮದಲ ನಾನ ಎತ್ತತೀನಿ.
ದಿನಕ್ಕ ಮೂರು. ಬ್ಯಾಸರಾದ್ರ ನಾಕು.
ಎತ್ತಿದ್ದು ಎಲ್ಲಿ ಇಡೂದು? ಬಾಯಾಗ.
ಯಾಕ ಇಷ್ಟು ನಿಲ್ಲತೈತಿ ಅಂತ ಶೇಟ ಕೇಳಿದಾ.
ಢಾಲಾಯತ ನನ್ನ ಗಲ್ಲದ ಉಬ್ಬು ನೋಡಿದಾ,
ಮುಳ್ಳಿಗೆ ಒಂದು ಹನಿ ಎಣ್ಣಿ ಬಿಟ್ಟಾ:
"ಮಗ್ಗದ ಮುಳ್ಳು ಶೇಟಜೀ, ಭಾಳ ಸೂಕ್ಷ್ಮ."

ಶುಂಠಿ ನಾಲಗಿ ಸುಡತೈತಿ, ನಾ ಮಾತಾಡೂ ಹಂಗಿಲ್ಲ.
ಕೊಟ್ರವ್ವನ ಕಡೆ ಕೈ ಮಾಡತೀನಿ:
ಹಿತ್ತಲದಾಗ?