ಸೋಮವಾರದ ಕಲ್ಲುಗಳು

ದೂರದಿಂದ ನುಣ್ಣಗೇ ಇದೆ ಮೋಯಲ್ ಗ್ರಿಗ್.
ಮೋಯಲ್ ಅಂದರೆ ನಮ್ಮ ವೇಲ್ಸಿನ ಮಾತಿನಲ್ಲಿ ಬೋಳು,
ಗ್ರಿಗ್ ಅಂದರೆ ಹೀದರ್ ಪೊದೆ.
ಬೋಳುತಲೆಗೆ ಆಗಸ್ಟಿನಲ್ಲಿ ಮಾತ್ರ ನೇರಳೆ ಕೂದಲು, ಎಂದು
ಎಲೀನೆಡ್ ವರ್ಷವರ್ಷವೂ ಅದೇ ತಮಾಷೆ ಮಾಡುತ್ತಾಳೆ.
ವರ್ಷವರ್ಷವೂ ನಾವು ನಗುತ್ತೇವೆ,
ಚಹಾದ ಫ್ಲಾಸ್ಕು ಇರುವುದು ಅವಳ ಚೀಲದಲ್ಲಿ.

ಹತ್ತಿರ ಬಂದರೆ ಗಾಯ.
ಕಾರು ನಿಲ್ಲಿಸುವಲ್ಲಿಂದ ನೆತ್ತಿಯವರೆಗೆ
ಒಬ್ಬರು ನಡೆಯುವಷ್ಟಿದ್ದ ಕಾಲುದಾರಿ
ಈಗ ನಾನು ಓಡಿಸುತ್ತಿದ್ದ ಸ್ಕೂಲ್ ಬಸ್ಸು
ಅಡ್ಡಡ್ಡ ನಿಲ್ಲುವಷ್ಟು ಅಗಲ.
ತಪ್ಪು ಯಾರದೂ ಅಲ್ಲ.
ಮೊದಲನೆಯವನು ಕೆಸರು ಬೇಡವೆಂದು ಹುಲ್ಲಿಗೆ ಇಳಿದ,
ಹಿಂದೆ ಬಂದವಳು ಅವನು ಮಾಡಿದ ಕೆಸರು ಬೇಡವೆಂದು
ಇನ್ನೊಂದು ಮಾರು ಆಚೆ.
ಹನಿಗೂಡಿ ಹಳ್ಳ ಅನ್ನುತ್ತಾರೆ,
ಇಲ್ಲಿ ಹೆಜ್ಜೆಗೂಡಿ ಹಳ್ಳ.
ಹನಿ ಆಮೇಲೆ ಬಂದು
ಸಿದ್ಧವಿದ್ದ ಮನೆಗೆ ಹೊಕ್ಕಿತು.

ನೆತ್ತಿಯಲ್ಲಿ ಒಂದು ದಿಬ್ಬ.
ಕಬ್ಬಿಣ ಕಾಣದ ಕಾಲದ ಯಾರೋ
ಅದರೊಳಗೆ ಮೊಣಕಾಲು ಮಡಚಿ ಮಲಗಿದ್ದಾರಂತೆ.
ಹತ್ತಿದವರೆಲ್ಲ ಅದರ ಮೇಲೊಂದು ಕಲ್ಲಿಡುತ್ತಾರೆ.
ಬರಿಗೈಯಲ್ಲಿ ಹತ್ತಿ ಬಂದವರಿಗೆ ಕಲ್ಲು ಎಲ್ಲಿಂದ?
ನಾವು ಹೂಳಿದ್ದ ದಾರಿಯಿಂದಲೇ ಕಿತ್ತದ್ದು.
ಭಾನುವಾರ ಏರಿದ್ದನ್ನು ಸೋಮವಾರ ಇಳಿಸುತ್ತೇವೆ,
ನಾಲ್ಕು ಬಕೆಟ್ಟು, ಎರಡು ಜೊತೆ ಮಂಡಿನೋವು,
ಬಾನಾಡಿಯ ಗೂಡು ತುಳಿಯದಂತೆ
ನೆಲ ನೋಡಿಕೊಂಡು.

ಬೇಲಿಯಾಚೆಯಿಂದ ಇದ್ವಲ್ ನೋಡುತ್ತಾನೆ.
ಕುರಿ ಅವನವು, ನಾಯಿ ಅವನದು,
'ನಾಯಿಯನ್ನು ಹಗ್ಗದಲ್ಲಿ ಹಿಡಿಯಿರಿ' ಎಂಬ ಫಲಕಕ್ಕೆ
ಮೂರು ಸಲ ಹೊಸ ಮೊಳೆ ಹೊಡೆದವನೂ ಅವನೇ.
'ನಮ್ಮಜ್ಜನ ಕಾಲದಲ್ಲಿ
ಸುಮ್ಮನೆ ಯಾರೂ ಈ ಗುಡ್ಡ ಹತ್ತುತ್ತಿರಲಿಲ್ಲ.
ಏನಾದರೂ ಕಳೆದುಹೋಗಿದ್ದರೆ ಹತ್ತುತ್ತಿದ್ದರು.'
'ಈಗಲೂ ಹಾಗೇ ಇರಬಹುದು'
ಎಂದಳು ಎಲೀನೆಡ್, ಬಕೆಟ್ಟು ಕೆಳಗಿಡದೆ.

ಏಪ್ರಿಲಿನ ಎರಡನೇ ಸೋಮವಾರ ಸಿಕ್ಕಿತು ಅದು.
ನಮ್ಮ ಗುಡ್ಡದ ಕಲ್ಲಲ್ಲ,
ಸಮುದ್ರ ಉರುಳಿಸಿ ಚಪ್ಪಟೆ ಮಾಡಿದ ಕಪ್ಪು ಕಲ್ಲು,
ತಂದವರು ಅಷ್ಟು ದೂರದಿಂದ ಹೊತ್ತು ತಂದಿದ್ದರು.
ಬಿಳಿ ಬಣ್ಣದಲ್ಲಿ ಬರೆದಿತ್ತು: ಟೆಗಿಡ್. ಆರು ವರ್ಷ.

ನನ್ನ ಬಸ್ಸಿನಲ್ಲಿ ಟೆಗಿಡ್ ಎಂಬವರು ಇಬ್ಬರಿದ್ದರು.
ಒಬ್ಬನಿಗೆ ತಿರುವು ಬಂದಾಗಲೆಲ್ಲ ವಾಂತಿ,
ಅವನೀಗ ರಿಲ್ ಊರಿನಲ್ಲಿ ಪ್ಲಂಬರ್.
ಇನ್ನೊಬ್ಬನ ಮುಖ ಎಷ್ಟು ಹುಡುಕಿದರೂ
ಕನ್ನಡಿಯಲ್ಲಿ ಕಾಣಲಿಲ್ಲ.

ದಿಬ್ಬದ ಮೇಲೆ ಬಿಡುವಂತಿಲ್ಲ, ಅದು ನಿಯಮ.
ಕಾರಿನ ಡಿಕ್ಕಿಯಲ್ಲಿ ಎರಡು ವಾರ ಇತ್ತು,
ಬ್ರೇಕು ಹಾಕಿದಾಗ ಒಮ್ಮೆ ಮುಂದೆ, ಒಮ್ಮೆ ಹಿಂದೆ.
ಕಚೇರಿಗೆ ಕೊಡೋಣವೆಂದೆ.
ಎಲೀನೆಡ್ ಮಾತಾಡಲಿಲ್ಲ. ಮೂರನೇ ತಿರುವಿನಲ್ಲಿ,
ಮಳೆನೀರನ್ನು ದಾರಿಯಿಂದ ಹೊರಳಿಸಲು
ಓರೆಯಾಗಿ ನಾವು ಕಲ್ಲು ಕೂರಿಸುವ ಸಾಲಿನಲ್ಲಿ
ಒಂದು ಹಲ್ಲು ಬಿದ್ದಿತ್ತು.
ಅವಳು ಸಲಾಕೆಯಿಂದ ಅಗೆದಳು, ನಾನು ಇಟ್ಟೆ,
ಹೆಸರು ಮಣ್ಣಿನ ಕಡೆಗೆ.
ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ಗುರುವಾರ ಮಳೆ ಹೊಯ್ಯಿತು.
ಸರದಿ ನನ್ನದಲ್ಲದಿದ್ದರೂ ಹತ್ತಿ ಹೋದೆ.
ಕೆಂಪು ನೀರು ಇಳಿದು ಬಂದು, ಕಲ್ಲಿನೆದುರು
ಏನೋ ಮರೆತಂತೆ ತುಸು ನಿಂತು,
ಹೀದರಿನ ಬೇರಿನ ಕಡೆ ಹೊರಳಿತು.

ಮೇಲಿನಿಂದ ಒಬ್ಬ ಹೆಂಗಸು ಇಳಿದು ಬಂದಳು,
ಹಳದಿ ರೇನ್‌ಕೋಟು, ಎರಡೂ ಕೈಯಲ್ಲಿ ಕೋಲು.
ಕಲ್ಲು ಜಾರುತ್ತದೆಯೇ ಎಂದು ಕೇಳಿದಳು.
ಅದರ ಮೇಲೆ ಬೇಡ, ಎನ್ನಲು ಬಾಯಿ ತೆರೆದೆ.
ಹುಲ್ಲಿಗೆ ಇಳಿಯಲು ಅವಳು ಆಗಲೇ
ಒಂದು ಕಾಲು ಎತ್ತಿದ್ದಳು.

ಇಲ್ಲ, ಎಂದೆ. ಗಟ್ಟಿಯಾಗಿದೆ.
ಅದರ ಮೇಲೆಯೇ ಕಾಲಿಡಿ.